ಬೇಟೆಗಾರ್ತಿ ಬೆಳೆದ ಮನೆ

ಆಟಕ್ಕೆ ಮೂರು ಜನ ಬೇಕಿತ್ತು, ಇಬ್ಬರೇ ಇದ್ದರು. ಹಾಗಾಗಿ ಒಂದು ಭಾನುವಾರದ ಮಧ್ಯಾಹ್ನ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂತಿದ್ದ ನಾನು, ಎಪ್ಪತ್ತು ದಾಟಿದ ಮೇಲೆ, ರಾಕ್ಷಸರ ಬೇಟೆಗಾರ್ತಿಯಾದೆ. ನನ್ನ ಮಗಳದು ಶನಿವಾರಸಂತೆಯಲ್ಲಿ ಹೊಲಿಗೆ ಅಂಗಡಿ, ಅಂಗಡಿಯ ಹಿಂದೆಯೇ ನಮ್ಮ ಮನೆ. ಭಾನುವಾರ ಅಂಗಡಿ ಮುಚ್ಚಿರುವಾಗ ಬಟ್ಟೆ ಕತ್ತರಿಸುವ ದೊಡ್ಡ ಮೇಜು ಮೊಮ್ಮಗಳು ಸಿಂಚನ ಮತ್ತು ಅವಳ ಗೆಳತಿಯರ ಪಾಲು. ಅಲ್ಲಿ ಅವರು ಒಂದು ಆಟ ಆಡುತ್ತಾರೆ. ಸಿಂಚನ ಕಥೆ ನಡೆಸುತ್ತಾಳೆ. ಉಳಿದವರು ತಾವೇ ಕಟ್ಟಿಕೊಂಡ ಒಬ್ಬೊಬ್ಬ ವೀರೆಯಾಗಿ ಆ ಕಥೆಯೊಳಗೆ ನಡೆಯುತ್ತಾರೆ. ಕಾಡು ಬರುತ್ತದೆ, ಗುಹೆ ಬರುತ್ತದೆ, ರಾಕ್ಷಸ ಬರುತ್ತದೆ. ಹೊಡೆತ ಬಿತ್ತೋ ತಪ್ಪಿತೋ ಎನ್ನುವುದನ್ನು ಇಪ್ಪತ್ತು ಮುಖದ ನೀಲಿ ದಾಳವೊಂದು ಹೇಳುತ್ತದೆ. ನಾವು ಹುಣಿಸೆಬೀಜ ತೇಯ್ದು ಚೌಕಾಬಾರ ಆಡಿದವರು, ದಾಳದ ಮಾತು ಕೇಳುವುದು ನನಗೇನೂ ಹೊಸದಲ್ಲ. ಮೂರನೆಯ ಗೆಳತಿ ಮಂಗಳೂರಿನ ಹಾಸ್ಟೆಲ್ಲಿಗೆ ಹೋದಳು. ಸಫಿಯಾ, ದೇಚಮ್ಮ ಇಬ್ಬರೇ ಉಳಿದರು. ಸಿಂಚನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಾರಿಗೆ ಉಪ್ಪು ಕೇಳುವ ಹಾಗೆ ಕೇಳಿದಳು:

"ಅಜ್ಜಿ, ನೀನು ಬರ್ತೀಯಾ?"

ಅವಳು ಕೇಳಿದ್ದೇ ನನಗೆ ಸಾಕಾಗಿತ್ತು. ಈ ವಯಸ್ಸಿನಲ್ಲಿ ಮಾತ್ರೆ ತಗೊಂಡೆಯಾ, ಹುಷಾರಾಗಿ ನಡಿ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಆಟಕ್ಕೆ ಬಾ ಎನ್ನುವವರು ಎಲ್ಲಿ ಸಿಗುತ್ತಾರೆ? ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳು ಆಟದ ಇಂಗ್ಲಿಷ್ ಹಾಳೆಯನ್ನೆಲ್ಲ ನನಗೋಸ್ಕರ ಕನ್ನಡ ಮಾಡಿ, ದಪ್ಪ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದಳು. ಬಲ, ಚುರುಕು, ತಾಳ್ಮೆ, ಬುದ್ಧಿ, ಮಾತು ಎಂದು ಐದು ಮನೆ. ಅದಕ್ಕೆ ಹಂಚಲು ನನಗೆ ಇಪ್ಪತ್ತು ಅಂಕ. ನಾನು ಹನ್ನೆರಡನ್ನು ತಾಳ್ಮೆಗೆ ಹಾಕು ಎಂದೆ.

"ಎಲ್ಲಾ ತಾಳ್ಮೆಗೇ ಸುರಿದ್ಬಿಟ್ರೆ ರಾಕ್ಷಸನ್ನ ಹೊಡೆಯೋದು ಹೆಂಗಜ್ಜಿ?"

"ನೀನಿನ್ನೂ ನಾಲ್ಕು ಜನ ಓರಗಿತ್ತೀರಿರೋ ಮನೆಗೆ ಸೊಸೆಯಾಗಿ ಹೋಗಿಲ್ಲ ಮಗ. ಬರ್ಕೋ."

ಸಫಿಯಾ ನಕ್ಕು ನಕ್ಕು ಮೇಜಿಗೆ ತಲೆಯಿಟ್ಟಳು. ಅಂಕಗಳು ಮುಗಿದ ಮೇಲೆ ಪ್ರಶ್ನೆಗಳು ಶುರುವಾದವು. ಇವಳು ಎಂಥ ಮನೆಯಲ್ಲಿ ಬೆಳೆದಳು? ಇವಳ ಆಯುಧ ಏನು? ಇವಳು ಮೊದಲು ಎದುರಿಸಿದ ರಾಕ್ಷಸ ಯಾವುದು? ಇವಳಿಗೆ ಕಲಿಸಿದ ಗುರು ಯಾರು? ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಇವಳು ಯಾರಿಗೂ ಹೇಳದ ಗುಟ್ಟು. ಆ ಸಾಲು ಓದಿದಾಗ ನನ್ನ ಕೈ ಹಾಳೆಯ ಮೇಲೆಯೇ ನಿಂತುಬಿಟ್ಟಿತು. ಕಟ್ಟುಕತೆ ಬರೆಯಬಹುದಿತ್ತು, ದೇಚಮ್ಮ ತನ್ನ ವೀರೆಯನ್ನು ರಾಜಕುಮಾರಿ ಮಾಡಿರಲಿಲ್ಲವೇ. ಆದರೆ ನನ್ನ ಹತ್ತಿರ ಎಂಟು ವರ್ಷದವಳಾಗಿದ್ದಾಗಿನಿಂದ ಒಂದು ಗುಟ್ಟಿತ್ತು. ಕಟ್ಟಿಕೊಂಡವರಿಗೂ ಹೇಳಿರಲಿಲ್ಲ, ಹೆತ್ತವರಿಗೂ ಹೇಳಿರಲಿಲ್ಲ. ಆ ಗುಟ್ಟಿನ ಕೆಳಗೆ ಇನ್ನೊಬ್ಬರ ಹೆಸರು ಕೆಟ್ಟಿತ್ತು, ಕೆಟ್ಟದ್ದು ಹಾಗೇ ಉಳಿದುಹೋಗಿತ್ತು. ಅದನ್ನು ಹೇಳದೆ ನಾನು ಹೋಗಿಬಿಟ್ಟರೆ ಸರಿಮಾಡುವವರು ಯಾರೂ ಇರಲಿಲ್ಲ. ನಾನು ಪೆನ್ಸಿಲ್ ಕೆಳಗಿಟ್ಟು, ಮೊದಲ ಪ್ರಶ್ನೆಯಿಂದಲೇ ಶುರು ಮಾಡಿದೆ. ಮನೆಯಿಂದ.

ನಮ್ಮದು ಸಂತೆಯಿಂದ ಎರಡು ಹರದಾರಿ ದೂರದ ಹಳ್ಳಿ. ಮನೆಯಲ್ಲಿ ಪಡಸಾಲೆ, ನಡುಮನೆ, ಅಡುಗೆಮನೆ, ಆಮೇಲೆ ಒಂದು ಕತ್ತಲೆಕೋಣೆ. ಪಡಸಾಲೆ ಅಪ್ಪಯ್ಯನದು, ಅಲ್ಲಿ ಬಂದವರು ಕೂರುತ್ತಿದ್ದರು, ಎಲೆಅಡಿಕೆ ಹಾಕುತ್ತಿದ್ದರು, ನಾವು ಮಕ್ಕಳು ಗೋಡೆಗೆ ಅಂಟಿಕೊಂಡು ದಾಟುತ್ತಿದ್ದೆವು. ನಡುಮನೆಯಲ್ಲಿ ದೇವರು, ತೊಟ್ಟಿಲು, ಎಲ್ಲರ ಹಾಸಿಗೆಯ ಸುರುಳಿ. ಅಡುಗೆಮನೆಗೆ ಇಬ್ಬರು ಒಡತಿಯರು. ಒಬ್ಬಳು ನನ್ನ ಅವ್ವ. ಇನ್ನೊಬ್ಬಳು ಅಪ್ಪಯ್ಯನ ಅಕ್ಕ ಮಲ್ಲವ್ವ, ನಮ್ಮ ಬಾಯಲ್ಲಿ ಮಲ್ಲತ್ತೆ. ಮದುವೆಯಾಗಿ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದವಳು. ಬಂದಾಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲವಂತೆ. ನಾನು ಕಂಡಾಗಿನಿಂದ ಅವಳ ಕೈ ಬರಿಗೈ, ಸೀರೆ ಮಾಸಲು ಬಣ್ಣದ್ದು, ನಾಲಿಗೆ ಮಾತ್ರ ಹಸಿಮೆಣಸಿನಕಾಯಿ. ಅವ್ವನಿಗೂ ಅವಳಿಗೂ ದಿನಕ್ಕೊಂದು ಜಗಳ. ಅಕ್ಕಿರೊಟ್ಟಿ ದಪ್ಪವಾಯಿತು ಎಂದು ಇವಳು, ಹುಚ್ಚೆಳ್ಳು ಚಟ್ನಿಗೆ ಹುಳಿ ಹೆಚ್ಚಾಯಿತು ಎಂದು ಅವಳು. ಕಣಿಲೆಯ ಕಾಲದಲ್ಲಿ, ಎಳೆಬಿದಿರನ್ನು ಎಷ್ಟು ದಿನ ನೀರಲ್ಲಿ ನೆನೆಹಾಕಬೇಕು ಎನ್ನುವುದಕ್ಕೇ ಒಂದು ವಾರ ಮಾತು ಬಿಟ್ಟಿದ್ದರು. ಮಧ್ಯೆ ನಾನು ಟಪಾಲು.

"ಹೋಗಿ ನಿಮ್ಮತ್ತೆಗೆ ಹೇಳು, ಕಣಿಲೆ ಕೊಳೆಸಿ ತಿನ್ನೋದು ನಮ್ಮ ಕಡೆ ಇಲ್ಲ ಅಂತ."

"ಹೋಗಿ ನಿಮ್ಮವ್ವಂಗೆ ಹೇಳು, ಅವಳ ಕಡೇಲಿ ಬಿದಿರೂ ಇಲ್ಲ, ಬಾಯಿ ರುಚೀನೂ ಇಲ್ಲ ಅಂತ."

ಆದರೆ ಬೆಳಿಗ್ಗೆ ಎದ್ದು ನನ್ನ ಹಣೆಗೆ ವಿಭೂತಿ ಎಳೆಯುತ್ತಿದ್ದವಳು ಅತ್ತೆಯೇ. ಮೂರು ಬೆರಳು ಒತ್ತಿ ಎಳೆದು, ಮೂಗಿನ ಮೇಲೆ ಉದುರಿದ ಪುಡಿಯನ್ನು ಊದುತ್ತಿದ್ದಳು. ಆ ಉಸಿರಿನ ತಂಪು ನನಗೆ ಈಗಲೂ ಗೊತ್ತು.

ಕತ್ತಲೆಕೋಣೆಯಲ್ಲಿ ಭತ್ತ ತುಂಬುವ ಮರದ ಕಣಜ, ಉಪ್ಪಿನಕಾಯಿ ಜಾಡಿಗಳು, ಹಣ್ಣಿಗೆ ಹಾಕಿದ ಬಾಳೆಗೊನೆ ಇರುತ್ತಿದ್ದವು. ಕಿಟಕಿ ಇರಲಿಲ್ಲ. ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅಲ್ಲಿ ಗೊಗ್ಗಯ್ಯ ಇದ್ದ. ಕಣಜದ ಹಿಂದೆ ಅವನ ವಾಸ. ಮೈತುಂಬ ಕರಡಿಯ ಕೂದಲು, ಮೊಣಕಾಲಿಗೆ ಮುಟ್ಟುವ ಕೈ, ಬಾಳೆಹಣ್ಣು ಕದಿಯಲು ಬಂದ ಮಕ್ಕಳ ಕೈಯನ್ನು ಮೊಣಕೈವರೆಗೆ ಅಗಿಯುತ್ತಾನೆ. ಇಷ್ಟನ್ನೂ ನಮಗೆ ಹೇಳಿಕೊಟ್ಟವಳು ಮಲ್ಲತ್ತೆ. ಅವಳಿಗೆ ಮಾತ್ರ ಅವನ ಭಯವಿರಲಿಲ್ಲ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಅವಳು ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಷ್ಟು ಹೊತ್ತು ಒಳಗೆ ಏನು ಮಾಡಿದೆ ಎಂದು ಕೇಳಿದರೆ, ಗೊಗ್ಗಯ್ಯನ ತಲೆ ಬಾಚಿದೆ ಎನ್ನುತ್ತಿದ್ದಳು. ನಾನು ನಂಬಿದ್ದೆ. ಅಷ್ಟು ಉದ್ದ ಕೂದಲಿನವನಿಗೆ ಯಾರಾದರೂ ಬಾಚಲೇಬೇಕಲ್ಲ.

ಆ ವರ್ಷ ಅವ್ವ ನನ್ನ ತಮ್ಮನನ್ನು ಹೆತ್ತಿದ್ದಳು. ಮೂರು ತಿಂಗಳ ಕೂಸು, ಅವ್ವನಿಗೆ ಹಾಲು ಸಾಲದು. ಪುಣ್ಯಕ್ಕೆ ಕೊಟ್ಟಿಗೆಯಲ್ಲಿ ಕೆಂಪಿ ಕರು ಹಾಕಿತ್ತು. ಅದರ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಕುಡಿಸಿ ಕೂಸನ್ನು ಉಳಿಸಿಕೊಳ್ಳುತ್ತಿದ್ದರು. ಕೆಂಪಿ ಹಾಲು ಕರೆಯದೆ ಒದ್ದ ದಿನ ಇಡೀ ಮನೆಗೆ ಕೂಸಿನ ಅಳುವೇ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನದ ಕಟ್ಟು ಬಹಳ ಬಿಗಿ. ನೇಗಿಲು, ಗುದ್ದಲಿ, ಕತ್ತಿ, ಕುಡುಗೋಲು, ಕೊನೆಗೆ ತರಕಾರಿ ಹೆಚ್ಚುವ ಈಳಿಗೆಮಣೆಯವರೆಗೆ ಅಲಗಿರುವ ಯಾವುದನ್ನೂ ಬಿಡದೆ ಕತ್ತಲೆಕೋಣೆಗೆ ಒಯ್ದು, ಕಣಜದ ಮುಂದೆ ಬಾಳೆಎಲೆಯ ಮೇಲೆ ಮಲಗಿಸಿ, ವಿಭೂತಿ ಕುಂಕುಮ ಹೂವು ಏರಿಸಿ ಬೆಳಿಗ್ಗೆಯೇ ಪೂಜೆ. ಆಮೇಲೆ ಮಾರನೆಯ ಬೆಳಿಗ್ಗೆವರೆಗೆ ಕಬ್ಬಿಣ ನಿದ್ದೆ ಮಾಡುತ್ತದೆ, ಎಬ್ಬಿಸುವ ಹಾಗಿಲ್ಲ. ಎಬ್ಬಿಸಿದರೆ ಆ ವರ್ಷದ ಬೆಳೆ ಮನೆಗೆ ಬರುವುದಿಲ್ಲ. ಹಬ್ಬದ ಅಡುಗೆಗೆ ಬೇಕಾದ ಸಿಹಿಗುಂಬಳ, ಬದನೆ, ಬೀನ್ಸು ಎಲ್ಲವನ್ನೂ ಹಿಂದಿನ ದಿನವೇ ಹೆಚ್ಚಿ ಒದ್ದೆಬಟ್ಟೆ ಮುಚ್ಚಿಡುತ್ತಿದ್ದರು. ಹೀಗೆ ವರ್ಷಕ್ಕೊಂದು ದಿನ ನಮ್ಮ ಮನೆಯಲ್ಲಿ ದಾರ ಕತ್ತರಿಸಲೂ ಒಂದು ಅಲಗು ಇರುತ್ತಿರಲಿಲ್ಲ. ಈ ಕಟ್ಟನ್ನು ಕಾಯುವವಳು ಮಲ್ಲತ್ತೆ. ಹೊಸ್ತಿಲಲ್ಲಿ ನಮ್ಮ ಕಿವಿ ಹಿಡಿದು ಹೇಳುತ್ತಿದ್ದಳು:

"ಮುಟ್ಟಿದ್ರೋ, ಗೊಗ್ಗಯ್ಯ ಬರೋಕೂ ಮೊದ್ಲೆ ನಾನೇ ತಿಂತೀನಿ."

ಹಬ್ಬ ಎಂದು ಅಪ್ಪಯ್ಯ ಅಂದು ಕೆಂಪಿಗೆ ಮೈ ತೊಳೆಸಿ, ಹಳೆಯ ಹಗ್ಗ ಬಿಚ್ಚಿ ಹೊಸ ಹಗ್ಗ ಹಾಕಿ ಹಿತ್ತಲಲ್ಲಿ ಕಟ್ಟಿದ್ದ. ಪೂಜೆ ಮುಗಿಸಿ, ಮೇಲ್ಕೇರಿಯವರ ಗಾಡಿಪೂಜೆಗೆ ಹೋದ. ಊಟದ ಹೊತ್ತಾಗುತ್ತಿತ್ತು, ಕಡುಬಿನ ಪಾತ್ರೆ ಇನ್ನೂ ಒಲೆಯ ಮೇಲಿತ್ತು. ಹಿತ್ತಲಿನಿಂದ ಧೊಪ್ಪೆಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಕೆಂಪಿಯ ಹಿಂಗಾಲು ಜಾರಿ, ಅದು ತಿಪ್ಪೆಗುಂಡಿಯೊಳಗೆ ಇಳಿದುಬಿಟ್ಟಿದೆ. ಗೂಟ ಮೇಲೆ, ಕೆಂಪಿ ಕೆಳಗೆ, ಮಧ್ಯೆ ಹೊಸ ಹಗ್ಗ ಬಿಗಿದುಕೊಂಡು ಕುತ್ತಿಗೆ ನೇತಾಡುತ್ತಿದೆ. ನಾಲಿಗೆ ಹೊರಗೆ. ಅತ್ತೆ ಸೀರೆ ಎತ್ತಿ ಕಟ್ಟಿ ಸೊಂಟದವರೆಗಿನ ಗೊಬ್ಬರಕ್ಕೆ ಹಾರಿ, ಹಸುವಿನ ಎದೆಗೆ ಭುಜ ಕೊಟ್ಟು ಮೇಲಕ್ಕೆ ಒತ್ತಿದಳು. ಒತ್ತಿದಾಗ ಅದು ಒಂದು ಉಸಿರು ಎಳೆಯುತ್ತಿತ್ತು. ಅವಳ ಕಾಲು ಹೂತಾಗ ಮತ್ತೆ ಬಿಗಿಯುತ್ತಿತ್ತು. ಅವ್ವ ಗೂಟದ ಗಂಟಿಗೆ ಕೈ ಹಾಕಿದಳು, ಹಲ್ಲು ಹಾಕಿದಳು. ಹೊಸ ನಾರು, ಮೇಲೆ ಹಸುವಿನ ಭಾರ, ಗಂಟು ಕಲ್ಲಾಗಿತ್ತು.

"ಅತ್ತಿಗೆ, ಕೊಯ್ಯೋಣ ಅಂದ್ರೆ ಇವತ್ತು ಕಬ್ಬಿಣ ಮುಟ್ಟೋ ಹಾಗಿಲ್ವಲ್ಲ."

"ಗಂಡಸರನ್ನ ಕರ್ಕೊಂಡು ಬಾ ಹೋಗು. ಓಡು."

ಅವ್ವ ಓಡಿದಳು. ನಡುಮನೆಯಲ್ಲಿ ಕೂಸು ಅಳುತ್ತಿತ್ತು. ನಾನು ಗುಂಡಿಯ ಅಂಚಿನಲ್ಲಿ ನಿಂತಿದ್ದೆ. ಅತ್ತೆ ನನ್ನನ್ನು ನೋಡಿದಳು. ತಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಅವಳ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು. ನಾನು ತಿರುಗಿ ಮನೆಯೊಳಗೆ ಓಡಿದೆ. ಕತ್ತಲೆಕೋಣೆಯ ಬಾಗಿಲು ತಳ್ಳಿದಾಗ ಕರ್ಪೂರದ ವಾಸನೆ, ಬಾಳೆಹಣ್ಣಿನ ವಾಸನೆ. ನನ್ನ ಕಾಲು ಹೊಸ್ತಿಲಿಗೆ ಅಂಟಿಕೊಂಡಿತು. ಒಳಗೆ ಒಬ್ಬನೇ ಇದ್ದನಲ್ಲ, ಅವನನ್ನೇ ಕೇಳಿದೆ:

"ಗೊಗ್ಗಯ್ಯ, ಒಂದು ಚಣ ಕಣ್ಣು ಮುಚ್ಕೋ. ಹಸ ಸಾಯ್ತಿದೆ."

ಕುಡುಗೋಲು ಎಲ್ಲಕ್ಕಿಂತ ಆಚೆ, ಕಣಜದ ಮಗ್ಗುಲಿಗಿತ್ತು. ಅದನ್ನು ಎತ್ತಲು ಬಗ್ಗಿದಾಗ ಗಾಜಿನ ಹೆಂಚಿನ ಬಿಸಿಲು ಕಣಜದ ಹಿಂದೆ ಬಿದ್ದಿತ್ತು. ಅಲ್ಲಿ ಗೊಗ್ಗಯ್ಯ ಇರಲಿಲ್ಲ. ಒಂದು ಸಣ್ಣ ಮಣೆ ಇತ್ತು, ಅದರ ಪಕ್ಕ ಒಂದು ತಗಡಿನ ಡಬ್ಬಿ. ರೆಪ್ಪೆ ಬಡಿಯುವಷ್ಟು ಹೊತ್ತು ನೋಡಿರಬೇಕು. ಕುಡುಗೋಲು ಹಿಡಿದು ಓಡಿಬಂದು, ಗೂಟದ ಹತ್ತಿರ ಹಗ್ಗಕ್ಕೆ ಹಚ್ಚಿ ಎರಡೂ ಕೈಯಿಂದ ಎಳೆದೆ. ಅಲಗಿನ ಮೇಲಿನ ಚೆಂಡುಹೂವು ಗೊಬ್ಬರಕ್ಕೆ ಬಿತ್ತು. ಮೂರನೆಯ ಎಳೆತಕ್ಕೆ ಹಗ್ಗ ತುಂಡಾಯಿತು. ಕೆಂಪಿ ಕುಸಿದು, ಕೆಮ್ಮಿ, ದೊಡ್ಡ ದೊಡ್ಡ ಉಸಿರು ತೆಗೆಯಿತು. ಅತ್ತೆ ಕೈ ಚಾಚಿದಳು. ನಾನು ಕೊಟ್ಟ ಕುಡುಗೋಲನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಗಂಡಸರು ಬಂದರು.

ಹಸುವನ್ನು ಹಗ್ಗ ಹಾಕಿ, ಹಲಗೆ ಕೊಟ್ಟು ಮೇಲೆತ್ತಿದ್ದಾಯಿತು. ಎಲ್ಲರೂ ಬೆವರು ಒರೆಸಿಕೊಳ್ಳುವಾಗ ಅಪ್ಪಯ್ಯ ಗೂಟದಲ್ಲಿ ಉಳಿದಿದ್ದ ಹಗ್ಗದ ತುದಿಯನ್ನು ಹಿಡಿದು ನೋಡಿದ. ಕಿತ್ತ ತುದಿ ಅಲ್ಲ, ಕೊಯ್ದ ತುದಿ.

"ಮಲಗಿದ್ದ ಕಬ್ಬಿಣ ಎಬ್ಬಿಸಿದ್ದು ಯಾರು?"

"ನಾನೇ ಕಣಪ್ಪ. ನೋಡು, ಸೊಂಟದಲ್ಲೇ ಐತೆ."

"ಗಂಡನ ಮನೆ ತೊಳೆದು ಬಂದಿದ್ದು ಸಾಲ್ದೇನಕ್ಕ, ಈ ಮನೇನೂ ತೊಳೀಬೇಕಾ?"

ಅಪ್ಪಯ್ಯ ಕೆಟ್ಟವನಲ್ಲ. ಮೇಲ್ಕೇರಿಯ ಹತ್ತು ಜನರ ಮುಂದೆ ಅವನ ಭಯ ಹಾಗೆ ಬಾಯಿಗೆ ಬಂತು. ಆದರೂ ಆ ಮಾತು ಬಂತು. ಅಂದು ಹಬ್ಬದ ಊಟಕ್ಕೆ ಎಲ್ಲರಿಗೂ ಎಲೆ ಬಿತ್ತು, ಅತ್ತೆಗೆ ಮಾತ್ರ ಬೀಳಲಿಲ್ಲ. ಬೇಡ ಎಂದು ಅಪ್ಪಯ್ಯ ಹೇಳಿದ, ಹಾಕೋಣ ಎನ್ನಲು ಅವ್ವನಿಗೆ ಧೈರ್ಯ ಬರಲಿಲ್ಲ. ನಾನು ಅರ್ಧ ಊಟಕ್ಕೇ ಎದ್ದೆ. ಎರಡು ಕಡುಬನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡು ಹಿತ್ತಲಿಗೆ ಹೋದೆ. ಅವಳು ಸ್ನಾನ ಮಾಡಿ, ಒದ್ದೆ ತಲೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

"ಅತ್ತೆ, ನಾನೇ ಕೊಯ್ದಿದ್ದು ಅಂತ ಹೇಳ್ತೀನಿ."

ಅವಳು ಕಡುಬು ಮುರಿದು ಮೊದಲ ತುಂಡನ್ನು ನನ್ನ ಬಾಯಿಗೇ ತುರುಕಿದಳು.

"ಸುಮ್ಕೆ ತಿನ್ನು. ಬೈಸ್ಕೊಳ್ಳೋದು ನಂಗೆ ರೂಢಿ ಕಣೆ ಗಂಗಿ. ನಿಂಗೆ ಅದು ರೂಢಿ ಆಗೋದು ಬ್ಯಾಡ."

ಆ ವರ್ಷ ತೆನೆ ಬರುವ ಹೊತ್ತಿಗೆ ಭತ್ತಕ್ಕೆ ಬೆಂಕಿರೋಗ ಬಿತ್ತು. ಪಕ್ಕದ ಗದ್ದೆಗಳಿಗೂ ಬಿದ್ದಿತ್ತು, ಆದರೆ ನಮ್ಮ ಗದ್ದೆಯದಕ್ಕೆ ಮಾತ್ರ ಊರಿಗೆ ಕಾರಣ ಗೊತ್ತಿತ್ತು. ಕಬ್ಬಿಣ ಎಬ್ಬಿಸಿದ ಮಲ್ಲವ್ವ ಎಂದೇ ಅವಳಿಗೆ ಹೆಸರಾಯಿತು. ಮದುವೆಮನೆಯಲ್ಲಿ ಸೋಬಾನೆ ಹಾಡಲು ಕರೆಯುವವರು ಮೊದಲೇ ಇರಲಿಲ್ಲ, ಈಗ ನಾಟಿ ಗದ್ದೆಗೆ ಮೊದಲು ಇಳಿಯಬೇಡ ಎನ್ನುವವರೂ ಹುಟ್ಟಿಕೊಂಡರು. ಅವಳು ಎಲ್ಲರಿಗಿಂತ ಕೊನೆಗೆ ಇಳಿದು, ಎಲ್ಲರಿಗಿಂತ ಮೊದಲು ತನ್ನ ಸಾಲು ಮುಗಿಸುತ್ತಿದ್ದಳು. ನಾನು ಬಾಯಿ ಬಿಡಲು ಹೊರಟಾಗಲೆಲ್ಲ ದೂರದಿಂದಲೇ ಕಣ್ಣು ಬಿಟ್ಟು ಹೆದರಿಸುತ್ತಿದ್ದಳು. ದಿನ ಕಳೆದ ಹಾಗೆ ಹೆದರಿಕೆ ನನಗೂ ಅನುಕೂಲವಾಯಿತು. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಹಬ್ಬ ಕಳೆದು ಕೆಲವು ದಿನಕ್ಕೆ, ಅತ್ತೆ ಗದ್ದೆಗೆ ಹೋಗಿದ್ದಾಗ ನಾನು ಮತ್ತೆ ಕತ್ತಲೆಕೋಣೆಗೆ ಹೋದೆ. ಕಣಜದ ಹಿಂದಿನ ತಗಡಿನ ಡಬ್ಬಿ ತೆರೆದೆ. ಒಂದು ಅಂಗೈಯಗಲದ ಕನ್ನಡಿ, ಒಂದು ಬಾಚಣಿಗೆ, ಒಂದು ಡಜನ್ ಹಸಿರು ಗಾಜಿನ ಬಳೆ. ಕೋಣೆಯಲ್ಲಿ ಎಲ್ಲದರ ಮೇಲೂ ಭತ್ತದ ಧೂಳು ಕೂತಿತ್ತು, ಬಳೆಗಳ ಮೇಲೆ ಇರಲಿಲ್ಲ. ಎಂಟು ವರ್ಷದವಳಿಗೆ ಪೂರ್ತಿ ಏನು ಅರ್ಥವಾಗುತ್ತದೆ? ಇಡೀ ಮನೆಯಲ್ಲಿ ಅತ್ತೆಗೆ ಇರುವುದು ಈ ಮಣೆಯಷ್ಟು ಜಾಗ, ಅದನ್ನು ಕಾಯಲು ಅವಳು ಒಬ್ಬ ರಾಕ್ಷಸನನ್ನು ಸಾಕಿಕೊಂಡಿದ್ದಾಳೆ ಎನ್ನುವಷ್ಟು ಅರ್ಥವಾಯಿತು. ಡಬ್ಬಿ ಮುಚ್ಚಿದೆ. ತಮ್ಮ ನಡೆಯಲು ಕಲಿತು, ಆ ಬಾಗಿಲ ಕಡೆ ಅಂಬೆಗಾಲಿನಿಂದ ಎದ್ದು ಹೆಜ್ಜೆ ಇಟ್ಟ ದಿನ, ಅವನನ್ನು ಹಿಡಿದೆಳೆದು ಹೇಳಿದವಳು ನಾನು. ಒಳಗೆ ಗೊಗ್ಗಯ್ಯ ಇದ್ದಾನೆ ಎಂದೆ. ಕೂದಲನ್ನು ಇನ್ನಷ್ಟು ಉದ್ದ ಮಾಡಿದೆ, ಹಲ್ಲುಗಳನ್ನು ನಾನೇ ಹೊಸದಾಗಿ ಇಟ್ಟೆ. ಅವನ ಹಿಂದೆ ಹುಟ್ಟಿದ ಇಬ್ಬರು ತಂಗಿಯರೂ ಆ ಕೋಣೆಗೆ ಕಾಲಿಡಲಿಲ್ಲ. ಮಧ್ಯಾಹ್ನದ ಹೊತ್ತು ಆ ಬಾಗಿಲು ಮುಚ್ಚಿಕೊಂಡೇ ಇತ್ತು.

ನಾನು ಮದುವೆಯಾಗಿ, ಮಗಳ ತಾಯಾದ ಮೇಲೆ ಅತ್ತೆ ಕೊನೆಯದಾಗಿ ಹಾಸಿಗೆ ಹಿಡಿದಳು. ನೋಡಲು ಹೋದೆ. ಇವತ್ತು ಹೇಳಿಬಿಡಬೇಕು, ಅಪ್ಪಯ್ಯನ ಎದುರೇ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳ ಪಕ್ಕ ಕೂತು ಅತ್ತೆ ಎಂದಷ್ಟೇ ಅಂದೆ. ಅವಳು ನನ್ನ ಕೈ ಅಮುಕಿದಳು. ಬೆರಳಲ್ಲಿ ಬಲವೇ ಇರಲಿಲ್ಲ.

"ಗೊಗ್ಗಯ್ಯನ್ನ ನೀನು ಚೆನ್ನಾಗಿ ಸಾಕಿದೆ ಕಣೆ."

ನಾನು ಅತ್ತು ಮುಗಿಸುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು. ಜೋಡಿಸಿಕೊಂಡ ಮಾತು ಹಾಗೆಯೇ ವಾಪಸ್ಸು ಬಂತು.

ನಾನು ಹೇಳಿ ಮುಗಿಸಿದಾಗ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನನ್ನ ಮಗಳು ಕಾಫಿ ಲೋಟ ಹಿಡಿದು ನಿಂತಿದ್ದಳು, ಯಾವಾಗ ಬಂದಳೋ. ಕಾಫಿ ಆರಿಹೋಗಿತ್ತು. ಸಿಂಚನ ಪೆನ್ಸಿಲ್ ತೆಗೆದುಕೊಂಡು ಹಾಳೆ ತುಂಬಿದಳು. ಆಯುಧ: ಕುಡುಗೋಲು. ಮೊದಲ ರಾಕ್ಷಸ: ಗೊಗ್ಗಯ್ಯ, ಕೊಲ್ಲಲಿಲ್ಲ, ಸಾಕಿದಳು. ಗುರುವಿನ ಹೆಸರಿಗೆ ಬಂದಾಗ ನಾನು ಹಾಳೆ ಎಳೆದುಕೊಂಡು ನನ್ನ ಕೈಯಾರೆ ಬರೆದೆ. ಮಲ್ಲವ್ವ. ಅಕ್ಷರ ಸೊಟ್ಟಗಾಯಿತು, ದೊಡ್ಡದಾಗಿಯೂ ಆಯಿತು, ಎರಡು ಗೆರೆ ದಾಟಿತು. ಗುಟ್ಟಿನ ಸಾಲಿಗೆ ಸಿಂಚನ ಅಡ್ಡಗೆರೆ ಎಳೆದಳು.

"ಇದು ಈಗ ಗುಟ್ಟಲ್ಲ ಅಜ್ಜಿ. ಐದು ಜನಕ್ಕೆ ಗೊತ್ತಾಯ್ತು."

ಆಮೇಲೆ ಆಟ ನಡೆಯಿತು. ಎರಡು ಭಾನುವಾರ ಕಾಡು ಸುತ್ತಿದೆವು, ಹೊಳೆ ದಾಟಿದೆವು. ಸೇತುವೆ ಮುರಿದಾಗ ದೇಚಮ್ಮನ ರಾಜಕುಮಾರಿ ನನ್ನನ್ನು ಬೆನ್ನ ಮೇಲೆ ಹೊತ್ತಳು, ಮೊಣಕಾಲು ನೋವು ಆಟದಲ್ಲೂ ಇದೆ ಎಂದು ನಾನೇ ಹೇಳಿಕೊಂಡಿದ್ದೆ. ಮೂರನೆಯ ಭಾನುವಾರ ಗುಹೆ ಸಿಕ್ಕಿತು. ಬಾಗಿಲಲ್ಲಿ ರಾಕ್ಷಸ ನಿಂತಿದೆ, ಕಣ್ಣು ಕೆಂಡ, ಉಗುರು ಕತ್ತಿ ಎಂದು ಸಿಂಚನ ಪುಸ್ತಕ ನೋಡಿ ಓದಿದಳು. ಸಫಿಯಾ ಬಿಲ್ಲಿಗೆ ಬಾಣ ಹೂಡಿದಳು. ದೇಚಮ್ಮ ಪಂಜು ಹಚ್ಚಿದಳು. ಸರದಿ ನನಗೆ ಬಂತು.

"ನಾನು ಅದನ್ನ ಕೇಳ್ತೀನಿ. ನಿನ್ನ ಹಿಂದೆ ಯಾರಿದ್ದಾರೆ ಅಂತ."

"ಅಜ್ಜಿ, ಅದು ನಮ್ಮನ್ನ ತಿಂದುಹಾಕುತ್ತೆ," ಎಂದಳು ದೇಚಮ್ಮ.

"ತಿನ್ಲಿ. ಮೊದ್ಲು ಹೇಳ್ಲಿ."

ದಾಳ ಹಾಕಬೇಕು, ತಾಳ್ಮೆಯ ಮೇಲೆ ಹಾಕು ಎಂದಳು ಸಿಂಚನ. ಹಾಕಿದೆ. ದಾಳ ಉರುಳಿ ಕತ್ತರಿಯ ಹಿಡಿಗೆ ತಾಗಿ ನಿಂತಿತು. ನಾನು ತಾಳ್ಮೆಗೆ ಸುರಿದಿದ್ದ ಹನ್ನೆರಡೂ ಸೇರಿ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಸಿಂಚನ ಪುಸ್ತಕದ ಹಾಳೆ ತಿರುವಿದಳು, ಹಿಂದೆ ತಿರುವಿದಳು. ಅದರಲ್ಲಿ ಉತ್ತರ ಇರಲಿಲ್ಲ. ಪುಸ್ತಕ ಮುಚ್ಚಿಟ್ಟು ನನ್ನ ಮುಖ ನೋಡಿದಳು.

"ರಾಕ್ಷಸ ಪಕ್ಕಕ್ಕೆ ಸರಿಯಿತು," ಎಂದಳು ನಿಧಾನವಾಗಿ. "ಒಳಗೆ ಮೇಲಿನಿಂದ ಒಂದೇ ಒಂದು ಕಡೆ ಬಿಸಿಲು ಬೀಳ್ತಿದೆ. ಅಲ್ಲಿ ಒಂದು ಮಣೆ. ಮಣೆ ಮೇಲೆ ಒಬ್ರು ಕೂತಿದಾರೆ ಅಜ್ಜಿ. ಕೈತುಂಬ ಹಸಿರು ಬಳೆ. ಈಗ ನೀನು ಏನ್ಮಾಡ್ತೀಯಾ?"

ಸಫಿಯಾ ಬಿಲ್ಲು ಇಳಿಸಿದಳು. ನಾನು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅತ್ತೆ, ಏಳು," ಎಂದೆ. "ಎಲೆ ಹಾಕಿದೀನಿ."